ಸಾದಾ ವಸ್ತ್ರವೂ ಮೂರ್ಛೆಯೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಒಂಬತ್ತನೆಯ ದಿನವು ಉತ್ತಮ ಆಕಿಂಚನ್ಯ ಧರ್ಮಕ್ಕೆ ಮೀಸಲಾದುದು. ಅಂದು ಬಸದಿಯಲ್ಲಿ ಶಾಸ್ತ್ರಶ್ರವಣ ಮಾಡಿ ಮನೆಗೆ ಮರಳಿದ ಶ್ರಾವಕನು ಟ್ರಂಕಿನ ಮುಚ್ಚಳ ತೆಗೆದು, ಒಳಗಿರುವ ವಸ್ತ್ರಗಳನ್ನೆಣಿಸಿ, ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳೆನೆಂದು ನಿಯಮ ಹಿಡಿಯುವುದು ಶ್ಲಾಘ್ಯವೇ ಸರಿ. ಆದರೆ ಎಣಿಕೆಯು ಏನನ್ನು ಎಣಿಸುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ನೋಡಿಕೊಳ್ಳದಿದ್ದರೆ ವ್ರತವು ಹೊರಗೆ ಉಳಿದು ಒಳಗೆ ಜಾರಿಹೋಗುತ್ತದೆ.

ಬಾಹ್ಯ ಪರಿಗ್ರಹಗಳು ಹತ್ತು, ಅಭ್ಯಂತರ ಪರಿಗ್ರಹಗಳು ಹದಿನಾಲ್ಕು. ವಸ್ತ್ರವು ಹೊರಗಿನ ಹತ್ತರಲ್ಲಿ ಕುಪ್ಯವೆಂಬುದರಲ್ಲಿ ಸೇರುತ್ತದೆ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣ ಹೇಳುವಾಗ ಹೊಲ, ಮನೆ, ಬಂಗಾರ, ಬಟ್ಟೆ ಯಾವುದನ್ನೂ ಹೆಸರಿಸದೆ ಮೂರ್ಛೆಯನ್ನೇ, ಎಂದರೆ 'ಇದು ನನ್ನದು' ಎಂದು ಮೈಮರೆಯುವ ಭಾವವನ್ನೇ ಪರಿಗ್ರಹವೆಂದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹ ವ್ರತದ ಐದು ಅತಿಚಾರಗಳನ್ನು ಹೇಳುತ್ತ, ಅತಿಸಂಗ್ರಹ ಲೋಭಗಳ ಜೊತೆಗೆ ವಿಸ್ಮಯವನ್ನೂ ಎಣಿಸಿದ್ದಾರೆ. ವೈಭವವನ್ನು ಕಂಡು ಬೆರಗಾಗುವುದೂ ವ್ರತಕ್ಕೆ ತಗುಲುವ ಮಲಿನವೇ. ಈ ಒಂದು ಶಬ್ದವನ್ನು ಓದುಗರು ತುಸು ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದೃಷ್ಟಾಂತಕ್ಕಾಗಿ ಸಾವಳಗಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಕಬ್ಬು, ದ್ರಾಕ್ಷಿ ಬೆಳೆಯುವ ಒಕ್ಕಲುಮನೆ. ಮಗನು ಹೊರದೇಶದಲ್ಲಿ ಉದ್ಯೋಗಸ್ಥ. ಪರ್ವಕಾಲದಲ್ಲಿ ಅವನು ಹನ್ನೆರಡೇ ವಸ್ತ್ರಗಳ ನಿಯಮ ಮಾಡಿ, ಬೀರುವಿನಲ್ಲಿದ್ದ ನಲವತ್ತು ಅಂಗಿಗಳನ್ನು ಹಂಚಿಬಿಟ್ಟನು. ಆಮೇಲೆ ಹನ್ನೆರಡೇ ಎಂದಾದ ಮೇಲೆ ಹನ್ನೆರಡೂ ಉತ್ತಮವಾಗಿರಲಿ ಎಂದು ಒಂದು ಕೋಟು ಕೊಂಡನು. ಅದರ ಮೇಲೆ ಕಸೂತಿಯಿಲ್ಲ, ಹೆಸರಿಲ್ಲ, ಗುರುತಿಲ್ಲ; ಬಣ್ಣವೆಂದರೆ ಮಳೆಗಿಂತ ಮುಂಚಿನ ಮಣ್ಣಿನ ಬಣ್ಣ. ಬೆಲೆ ಮಾತ್ರ ಎರಡು ಲಕ್ಷ ರೂಪಾಯಿಗಳನ್ನು ಮೀರಿತ್ತು. ಊರಿಗೆ ಬಂದಾಗ ತಾಯಿ ಅದನ್ನು ಮುಟ್ಟಿ ನೋಡಿ, "ಇಷ್ಟು ಸಾದಾ ಅರಿವಿಗೆ ಇಷ್ಟು ರೊಕ್ಕ ಯಾಕೋ ತಮ್ಮಾ?" ಎಂದಳು. "ಅವ್ವಾ, ಇದು ಅಪರಿಗ್ರಹದ ಅರಿವಿ. ತೋರಿಕೆ ಅಂಬೂದು ಇದರಾಗ ಏನೂ ಇಲ್ಲ" ಎಂದನು ಮಗ. ಅವನು ಸುಳ್ಳಾಡಲಿಲ್ಲ, ಹಾಗೆಯೇ ನಂಬಿದ್ದನು. ಮೂರ್ಛೆಯ ಸ್ವಭಾವವೇ ಅದು, ತನ್ನನ್ನು ತಾನು ಕಾಣಗೊಡದು.

ಇಂತಹ ಸಾದಾ ವೈಭವದ ಉಡುಪುಗಳಿಗೆ ಪಶ್ಚಿಮದಲ್ಲಿ ಈಗ ದೊಡ್ಡ ಮರ್ಯಾದೆ. ೨೦೦೬ರಲ್ಲಿ ಅಮೆರಿಕದಲ್ಲಿ ಆರಂಭವಾದ 'ದಿ ರೋ' ಎಂಬ ಸಂಸ್ಥೆಯು ಒಂದು ದೋಷರಹಿತ ಸಾದಾ ಬನಿಯನ್ನು ಹೊಲಿಯುವ ಯತ್ನದಿಂದಲೇ ಹುಟ್ಟಿತು. ಇಟಲಿಯ ಲೋರೋ ಪಿಯಾನಾ ಇನ್ನೂ ಹಳೆಯದು. ೧೯೨೪ರಲ್ಲಿ ಉಣ್ಣೆಯ ಗಿರಣಿಯಾಗಿ ಸ್ಥಾಪಿತವಾಗಿ, ೨೦೧೩ರಲ್ಲಿ ಫ್ರಾನ್ಸಿನ ಎಲ್‌ವಿಎಂಹೆಚ್ ಸಮೂಹದ ಕೈಸೇರಿತು. ಆಡಿನ ಮೈಯ ಒಳತುಪ್ಪಳ, ಆಂಡಿಸ್ ಪರ್ವತದ ವಿಕೂನ್ಯಾ ಎಂಬ ಸಣ್ಣ ಪ್ರಾಣಿಯ ರೋಮ, ಇವೇ ಅದರ ಕಚ್ಚಾ ಸಾಮಗ್ರಿ. ವಿಕೂನ್ಯಾವನ್ನು ಕೊಲ್ಲದೆ ರೋಮ ಕತ್ತರಿಸಿ ಬಿಡುತ್ತಾರೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಈ ಬಗೆಯ ವಸ್ತ್ರಗಳ ಮೇಲೆ ಗುರುತು ಕಾಣುವಂತಿರುವುದಿಲ್ಲ. ಗುರುತಿಲ್ಲದುದೇ ಬಲ್ಲವರಿಗೆ ಗುರುತು. ಹತ್ತು ಜನ ಕಾಣುವಂತೆ ಬಂಗಾರದ ಸರ ಹಾಕಿಕೊಂಡವನ ಮಾನಕಷಾಯ ಬಯಲಿನಲ್ಲಿರುವುದರಿಂದ ಅದನ್ನು ಹಿಡಿಯುವುದು ಸುಲಭ. ಇಬ್ಬರೇ ಬಲ್ಲವರು ಅರಿಯಲೆಂದು ಸಾದಾ ಕೋಟು ತೊಟ್ಟವನ ಮಾನವು ವಿನಯದ ಹೊದಿಕೆಯೊಳಗೆ ಮಲಗಿರುತ್ತದೆ. ಅಲ್ಲಿ ಮಾನದೊಂದಿಗೆ ಮಾಯೆಯೂ ಸೇರಿತು.

ಮಗನಿಗೆ ಇದು ತಿಳಿದುದು ಗ್ರಂಥದಿಂದಲ್ಲ. ಮಾರ್ಗಶಿರದ ಚಳಿಯಲ್ಲಿ ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದಾಗ, ಅಕ್ಕನ ನಾಲ್ಕು ವರ್ಷದ ಕೂಸು ಕಬ್ಬು ಸಿಗಿದು ತಿಂದ ಕೈಯಿಂದಲೇ ಓಡಿಬಂದು ಅವನ ಕೊರಳನ್ನಪ್ಪಿಕೊಂಡಿತು. ಅವನು ಕೂಸನ್ನು ದೂಡಿ ಗದರಿದನು. ಕೂಸು ಕಟ್ಟೆಯ ಕೆಳಗೆ ಬಿದ್ದು ಅತ್ತಿತು, ಪೆಟ್ಟಾಗಲಿಲ್ಲ. ಅಕ್ಕ ಒಂದು ಮಾತೂ ಆಡದೆ ಕೂಸನ್ನೆತ್ತಿಕೊಂಡು ಒಳಗೆ ಹೋದಳು. ನಲವತ್ತು ಅಂಗಿಗಳಿದ್ದ ಕಾಲದಲ್ಲಿ ಅವನು ಯಾವ ಅಂಗಿಗಾಗಿಯೂ ಮಕ್ಕಳನ್ನು ಗದರಿದವನಲ್ಲ. ನಲವತ್ತರಲ್ಲಿ ಹರಡಿಹೋಗಿದ್ದ ಮಮಕಾರವೆಲ್ಲ ಈಗ ಒಂದೇ ವಸ್ತ್ರದಲ್ಲಿ ಬಂದು ನೆಲೆಗೊಂಡಿತ್ತು. ಸಂಖ್ಯೆ ಇಳಿದಿತ್ತು, ಮೂರ್ಛೆ ಇಳಿದಿರಲಿಲ್ಲ.

ಅಷ್ಟಾದರೂ ಮನುಷ್ಯನು ತನ್ನ ಕೊಂಡ ವಸ್ತುವಿನ ಪರವಾಗಿ ವಾದಿಸುವುದನ್ನು ಬೇಗನೆ ಬಿಡುವುದಿಲ್ಲ. ಬೆಲೆ ಹೆಚ್ಚಾದರೇನು, ಹೊಲಿದವನಿಗೆ ನ್ಯಾಯವಾದ ಕೂಲಿ ದೊರೆತಿರಬೇಕಲ್ಲ ಎಂಬುದು ಮಗನ ಕೊನೆಯ ಸಮಾಧಾನವಾಗಿತ್ತು. ಆ ಸಮಾಧಾನವೂ ನಿಲ್ಲಲಿಲ್ಲ. ೨೦೨೫ರ ಜುಲೈಯಲ್ಲಿ ಮಿಲಾನ್ ನಗರದ ನ್ಯಾಯಾಲಯವು ಲೋರೋ ಪಿಯಾನಾ ಸಂಸ್ಥೆಯನ್ನು ಒಂದು ವರ್ಷದ ನ್ಯಾಯಿಕ ಮೇಲ್ವಿಚಾರಣೆಗೆ ಒಳಪಡಿಸಿತು. ಗುತ್ತಿಗೆ, ಒಳಗುತ್ತಿಗೆಗಳ ಸರಪಳಿಯ ತುದಿಯಲ್ಲಿದ್ದ ಕಾರ್ಖಾನೆಗಳಲ್ಲಿ ಕೆಲಸಗಾರರ ಶೋಷಣೆ ನಡೆದಿತ್ತು, ಸಂಸ್ಥೆಯು ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂಬುದು ಕಾರಣ. ತಮಗೆ ತಿಳಿಯದಂತೆ ನಡೆದುದೆಂದೂ, ತಿಳಿದೊಡನೆ ಆ ಗುತ್ತಿಗೆದಾರನನ್ನು ಬಿಟ್ಟೆವೆಂದೂ ಸಂಸ್ಥೆ ಹೇಳಿತು. ೨೦೨೪ರಲ್ಲಿ ಅರ್ಮಾನಿ, ಡಿಯೋರ್ ಹೆಸರಿನ ಉತ್ಪಾದನಾ ಘಟಕಗಳ ಮೇಲೂ ಇದೇ ನ್ಯಾಯಾಲಯವು ಇಂತಹದೇ ಆಜ್ಞೆ ಮಾಡಿತ್ತು. ಮಾಡುವುದು, ಮಾಡಿಸುವುದು, ಮಾಡಿದುದಕ್ಕೆ ಒಪ್ಪುವುದು ಎಂದು ಹಿಂಸೆಯನ್ನು ಮೂರು ದಾರಿಗಳಲ್ಲಿ ನೋಡಲು ಬಾಲ್ಯದಿಂದ ಕಲಿತವನಿಗೆ, ತಿಳಿಯದೆ ನಡೆಯಿತೆಂಬ ಮಾತು ಎಷ್ಟು ದೂರ ನಡೆದೀತು?

ಸಾವಳಗಿಯಿಂದ ರಬಕವಿ-ಬನಹಟ್ಟಿ ದೂರವಲ್ಲ. ಅಲ್ಲಿಯ ಮಗ್ಗದ ಮನೆಗಳಲ್ಲಿ ಹಾಸುಹೊಕ್ಕು ಹೂಡಿ ಲಾಳಿ ಎಸೆಯುವವರ ಮೈಮೇಲೂ ಸಾದಾ ಬಟ್ಟೆಯೇ ಇರುತ್ತದೆ, ಅದರ ಮೇಲೂ ಯಾವ ಹೆಸರೂ ಇರುವುದಿಲ್ಲ. ಅದನ್ನು ಅಪರಿಗ್ರಹವೆಂದು ಹೊಗಳುವುದೂ ತಪ್ಪು. ಇಲ್ಲದುದರಿಂದ ಬಂದ ಸಾದಾತನಕ್ಕೆ ಬೇಕಾದುದು ಹೊಗಳಿಕೆಯಲ್ಲ, ಸರಿಯಾದ ಕೂಲಿ. ಬಿಟ್ಟುದರಿಂದ ಬಂದ ಸಾದಾತನ ಬೇರೆ. ಭೋಜದ ಸಾತಗೌಡರು ಗೃಹಸ್ಥರಾಗಿದ್ದಾಗ ಬಟ್ಟೆಯಂಗಡಿಯಲ್ಲಿ ಕುಳಿತವರು. ೧೮೭೨ರಲ್ಲಿ ಜನಿಸಿದ ಆ ಮಹಾನುಭಾವರು ಕ್ಷುಲ್ಲಕರಾಗಿ, ಮುಂದೆ ನಿರ್ಗ್ರಂಥ ದೀಕ್ಷೆ ಪಡೆದು ಆಚಾರ್ಯ ಶಾಂತಿಸಾಗರರಾಗಿ, ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಕೊಂಡರು. ಕ್ಷುಲ್ಲಕನಿಗೆ ಕೌಪೀನದೊಡನೆ ಒಂದು ತುಂಡುವಸ್ತ್ರ, ಐಲಕನಿಗೆ ಕೌಪೀನವೊಂದೇ, ಮುನಿಗೆ ಅದೂ ಇಲ್ಲ. ಈ ಇಳಿಕೆಯ ಮೆಟ್ಟಿಲುಗಳಲ್ಲಿ ಎಲ್ಲಿಯೂ 'ಕಡಿಮೆ ಇರಲಿ, ಆದರೆ ಅತ್ಯುತ್ತಮವಿರಲಿ' ಎಂಬ ಮೆಟ್ಟಿಲಿಲ್ಲ. ಗೃಹಸ್ಥನು ದಿಗಂಬರನಾಗಬೇಕಿಲ್ಲ, ತಾನು ನಿಂತಿರುವ ಮೆಟ್ಟಿಲು ಯಾವುದೆಂದು ತಿಳಿದಿರಬೇಕು.

ಮಗನು ಮರುವರ್ಷದ ಪರ್ವಕ್ಕೆ ಊರಿಗೆ ಬಂದನು. ಮನಸ್ಸು ಬದಲಿಸಿದರೆ ಜನ ನಗುವರೆಂಬ ಅಳುಕು ಅವನಿಗಿತ್ತು. ಹಿಡಿದ ತಪ್ಪನ್ನೇ ಹಿಡಿದು ನಿಲ್ಲುವುದು ದೃಢತೆಯಾಗಿದ್ದರೆ ಶ್ರಾವಕನಿಗೆ ಪ್ರತಿಕ್ರಮಣವನ್ನು ವಿಧಿಸುವ ಕಾರಣವೇ ಇರುತ್ತಿರಲಿಲ್ಲ. ಆಕಿಂಚನ್ಯದ ದಿನ ಅವನು ಅಕ್ಕನ ಮುಂದೆ ಕೂಸಿನ ಸಂಗತಿಯನ್ನೆತ್ತಿ ಕ್ಷಮೆ ಬೇಡಿದನು. ಚತುರ್ದಶಿಯಂದು ಉಪವಾಸ ಮಾಡಿ, ನಿಯಮದ ವಹಿಯಲ್ಲಿ ವಸ್ತ್ರಗಳ ಸಂಖ್ಯೆಯ ಕೆಳಗೆ, ವರ್ಷಕ್ಕೆ ವಸ್ತ್ರಕ್ಕಾಗಿ ಮಾಡುವ ವೆಚ್ಚದ ಮಿತಿಯನ್ನೂ ಬರೆದನು. ಕೋಟನ್ನು ಮಾರಲಿಲ್ಲ. ಚಳಿಯ ದೇಶದಲ್ಲಿ ಕೋಟು ಬೇಕೇಬೇಕು, ಹರಿಯುವವರೆಗೆ ಅದನ್ನೇ ತೊಡುವೆನು, ಎರಡನೆಯದನ್ನು ಕೊಳ್ಳೆನು ಎಂದನು.

ತಾಯಿ ಇದನ್ನೆಲ್ಲ ಕೇಳುತ್ತ ತನ್ನ ಟ್ರಂಕಿನ ಮುಂದೆ ಕುಳಿತಿದ್ದಳು. ಅದರಲ್ಲಿ ಪೂಜೆಗೆಂದು ಮಡಿಯಾಗಿ ಇಟ್ಟ ರೇಷ್ಮೆಯ ಸೀರೆಗಳಿದ್ದವು. ಗೂಡಿನೊಳಗೆ ಜೀವವಿರುವಾಗಲೇ ಬೇಯಿಸಿ ಎಳೆ ತೆಗೆಯುವರೆಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. "ನಿನ್ನ ಕೋಟಿಗೆ ಅಂದೆ. ನಂದು ಯಾರ ಮುಂದ ಹೇಳಲಿ?" ಎಂದಳು. ಮಗನು ಉತ್ತರಿಸಲಿಲ್ಲ. ಮರುದಿನ ಅಭಿಷೇಕಕ್ಕೆ ಅವಳು ತೊಳೆದ ನೂಲಿನ ಸೀರೆಯನ್ನುಟ್ಟು ಬಸದಿಗೆ ಹೋದಳು.