ಕೆರೆಯ ನೀರು, ಕಾಯಕದ ಶುದ್ಧಿ

ಮೀನು ಸಾಕಣೆಯ ಕುರಿತು ಸಸ್ಯಾಹಾರಿಗಳಾದ ನಾವು ಮಾತನಾಡುವುದು ಉಚಿತವೇ ಎಂದು ಭಕ್ತರು ಕೇಳಬಹುದು. ಮೀನು ನಮ್ಮ ಆಹಾರವಲ್ಲ; ಆದರೆ ಅದು ಬೆಳೆಯುವ ಕೆರೆ ನಮ್ಮದೂ ಹೌದು. ಶೀಳನೆರೆಯ ಸುತ್ತಲಿನ ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯಲ್ಲಿ ಕೆರೆಯೆಂದರೆ ದನಕರುಗಳ ದಾಹಶಮನ, ಗದ್ದೆಯ ಹಸಿರು, ಬಾವಿಯ ಒರತೆ. ಪ್ರಾಣಿಹಿಂಸೆ ಸಲ್ಲದೆಂಬುದು ನಮ್ಮ ಆಚಾರ. ಅದನ್ನು ನಿಷ್ಠೆಯಿಂದ ಪಾಲಿಸೋಣ. ಅನ್ಯರ ತಟ್ಟೆಯನ್ನು ನೋಡಿ ಅವರನ್ನು ಹೀನಗಾಣುವುದು ಮಾತ್ರ ಆಚಾರವಲ್ಲ, ಅಹಂಕಾರ.

ಈ ಕಸುಬಿನ ಉಪಕಾರವನ್ನು ಅಲ್ಲಗಳೆಯಲಾಗದು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಚೋದಕದ್ರವ್ಯದ ಚುಚ್ಚುಮದ್ದಿನಿಂದ ಗೆಂಡೆಮೀನುಗಳನ್ನು ಮರಿಮಾಡಿಸುವಲ್ಲಿ ಯಶಸ್ವಿಯಾದ ಮೇಲೆ ಮೀನುಮರಿ ಎಲ್ಲೆಡೆ ದೊರೆಯುವಂತಾಯಿತು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದೇ ಕೆರೆ ಮೂರಕ್ಕೂ ಆಶ್ರಯ. ಬಡಕುಟುಂಬಗಳಿಗೆ ಜೀವನೋಪಾಯ, ಉಣ್ಣುವವರಿಗೆ ಪುಷ್ಟಿ.

ಕೇಡು ಹುಟ್ಟುವುದು ಅತಿಯಾಸೆಯಿಂದ. ಮಿತಿಮೀರಿ ಸುರಿದ ಮೇವು, ಕೋಳಿಗೊಬ್ಬರ ಕೊಳೆತಾಗ ಪಾಚಿ ಹಬ್ಬುತ್ತದೆ. ಬೆಳಗಿನ ಜಾವ ನೀರಿನಲ್ಲಿ ಪ್ರಾಣವಾಯು ಕುಗ್ಗಿ ಮೀನುಗಳೇ ಸಾಯುತ್ತವೆ. ನಾಡಮೀನುಗಳನ್ನು ನುಂಗುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದರೂ ಕಳ್ಳಸಾಕಣೆ ಪೂರ್ಣ ನಿಂತಿಲ್ಲ.

ಕರಾವಳಿಯ ಪಾಠವೂ ಇದೇ. ಕುಮಟಾ ತಾಲ್ಲೂಕಿನ ಅಘನಾಶಿನಿಯ ಗಜನಿಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಅನಂತರ ಉಬ್ಬರದ ನೀರಿನೊಡನೆ ಬರುವ ಸಿಗಡಿ. ಇದು ಹಳೆಯ ಕ್ರಮ. ಸಿಗಡಿಯ ಲಾಭ ಹೆಚ್ಚಿದಂತೆ ಹಲವೆಡೆ ಕಗ್ಗ ಮರೆಯಾಯಿತು. 1996ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ ಕೈಗಾರಿಕಾ ಸಿಗಡಿ ಕೊಳಗಳನ್ನು ನಿರ್ಬಂಧಿಸಿತು; 2005ರ ಕಾಯಿದೆ ನಿಬಂಧನೆಗಳೊಡನೆ ಮತ್ತೆ ದಾರಿಮಾಡಿತು. ಕಾನೂನು ಬದಲಾಗಬಹುದು, ಧರ್ಮದ ಅಳತೆಗೋಲು ಬದಲಾಗದು. ಲಾಭ ಒಬ್ಬನಿಗೆ, ನಷ್ಟ ಊರಿಗೆ ಎಂದಾದರೆ ಅದು ಉದ್ಯೋಗವಾದೀತೇ ಹೊರತು ಕಾಯಕವಾಗದು.

ಆದರೆ ಈ ಅಳತೆಗೋಲನ್ನು ಮೀನುಗಾರನಿಗಷ್ಟೇ ಹಿಡಿಯುವುದು ನ್ಯಾಯವೇ? ಕಬ್ಬು, ಭತ್ತದ ಗದ್ದೆಗೆ ನಾವು ಅಳತೆಯಿಲ್ಲದೆ ಸುರಿದ ರಾಸಾಯನಿಕ ಗೊಬ್ಬರವೂ ಮಳೆಯೊಡನೆ ಅದೇ ಕೆರೆಗೆ ಇಳಿಯುತ್ತದೆ, ಅದೇ ಪಾಚಿಯನ್ನು ಬೆಳೆಸುತ್ತದೆ. ಮೀನನ್ನು ತಿನ್ನದವನೂ ಮೀನಿನ ಸಾವಿಗೆ ಕಾರಣನಾಗಬಲ್ಲನು. ಅಹಿಂಸೆಯು ಅಡಿಗೆಮನೆಯಲ್ಲಿಯೇ ಮುಗಿಯುವ ವ್ರತವಲ್ಲ. ಅದು ಹೊಲದ ಬದುವಿನವರೆಗೂ, ಕೆರೆಯ ಏರಿಯವರೆಗೂ ನಡೆಯಬೇಕು.

ಶರಣರು ಕಾಯಕದೊಡನೆ ದಾಸೋಹವನ್ನು ಬೆಸೆದರು. ಕೆರೆಯಿಂದ ಪಡೆದವರು ಕೆರೆಗೆ ಸಲ್ಲಿಸಬೇಕಾದ ದಾಸೋಹ ಒಂದೇ: ಪಡೆದಷ್ಟೇ ನಿರ್ಮಲವಾದ ನೀರನ್ನು ಮುಂದಿನವರಿಗೆ ಉಳಿಸುವುದು. ಮೀನು ಸಾಕುವವರೂ ಪೈರು ಬೆಳೆಯುವವರೂ ಈ ನೇಮವನ್ನು ಹಿಡಿಯಲಿ. ಪರಶಿವನು ಸರ್ವರಿಗೂ ಆ ವಿವೇಕವನ್ನು ಕರುಣಿಸಲಿ.