ಕಾಂಡಿ ಹಿಡಿಯುವ ಕೈ

ವಿಠ್ಠಲರಾವ್ ದಾತಾರ್ 1904ರಲ್ಲಿ ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗ ಹೂಡಿದರು. ಅಂದಿನಿಂದ ಈ ಊರಿನ ಅನ್ನ ಮಗ್ಗದ್ದು. ಕನ್ನಡ ಮಾತಾಡುವ ಮನೆಗಳೂ ಆ ಸದ್ದಿನಲ್ಲೇ ಬದುಕಿವೆ. ಹೆಂಗಸರ ಪಾಲಿಗೆ ಬರುವ ಕೆಲಸಗಳಲ್ಲಿ ಕಾಂಡಿ, ಅಂದರೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು, ಒಂದು. ಬರಿದಾದ ಕಂಡಿಕೆಯನ್ನು ಮಷೀನಿಗೆ ಸಿಕ್ಕಿಸು, ಎಳೆ ಹಚ್ಚು, ತುಂಬಿದ್ದನ್ನು ಹಿರಿ. ಮಣಿಕಟ್ಟು ದಿನವಿಡೀ ತಿರುಗುತ್ತಲೇ ಇರಬೇಕು.

ಅಂಥ ಒಬ್ಬಾಕೆಯ ಪ್ರಕರಣವನ್ನು ವಿಚಾರಕ್ಕೆಂದು ಕಲ್ಪಿಸಿಕೊಳ್ಳೋಣ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು. ನಡುರಾತ್ರಿ ಎದ್ದು ಕೈ ಝಾಡಿಸಿಕೊಂಡು ಕೂಡುತ್ತಾಳೆ. ಮಣಿಕಟ್ಟಿನ ಎಲುಬುಗಳಿಗೂ ಅವುಗಳ ಮೇಲೆ ಬಿಗಿದ ಗಟ್ಟಿ ಪಟ್ಟಿಗೂ ನಡುವೆ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ ಹಾಯುತ್ತದೆ. ಅಲ್ಲಿ ಇಕ್ಕಟ್ಟಾದರೆ ಅದೇ ಕಾರ್ಪಲ್ ಟನಲ್ ಬೇನೆ. ಶಸ್ತ್ರಕ್ರಿಯೆಯಲ್ಲಿ ಪಟ್ಟಿ ಕೊಯ್ದರು, ಆಕೆಗೆ ನಿದ್ದೆ ಬಂತು. ಎರಡು ತಿಂಗಳ ಮೇಲೆ ಸೋನೋಗ್ರಾಫಿ ಮಾಡಿದರೆ, ಮೊದಲು 16 ಚದರ ಮಿಲಿಮೀಟರ್ ಇದ್ದ ನರ 11ಕ್ಕೆ ಇಳಿದಿದೆ.

ಮಾಲಕರು ಆ ಕಾಗದವನ್ನೇ ಹಿಡಿದರು. "ಫೋಟೋದಾಗ ನರ ಚಲೋ ಆಗೇತಿ ಅಂತ ಬರದಾರಲ್ಲವಾ, ಸೋಮವಾರದಿಂದ ಬಾ."

"ರಾತ್ರಿ ಜೋಮ ಹೋಗೇತ್ರಿ. ಆದರ ಕಾಂಡಿ ಹಿರಿಯಾಕ ಹ್ವಾದ್ರ ಅಂಗೈ ಬುಡಕ್ಕ ಚುಚ್ಚಿದಂಗ ಆಗತೈತಿ, ಹಿಡತಾನ ಬರವಲ್ದು."

ಇಲ್ಲಿ ಯಾರೂ ಸುಳ್ಳಾಡುತ್ತಿಲ್ಲ. ಮಣಿಕಟ್ಟಿಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟರೆ ಪರದೆಯ ಮೇಲೆ ನರದ ಅಡ್ಡಕೊಯ್ತ ಕಾಣುತ್ತದೆ: ಜೇನುಹುಟ್ಟಿನಂಥ ಅಂಡಾಕಾರ, ಒಳಗೆ ಕಪ್ಪು ಚುಕ್ಕೆಗಳು, ಸುತ್ತ ಬೆಳ್ಳಗಿನ ಅಂಚು. ಸಾಮಾನ್ಯವಾಗಿ ಅದರ ಹರವು 10 ಚದರ ಮಿಲಿಮೀಟರಿನ ಆಸುಪಾಸು. ಪಟ್ಟಿ ಬಿಡಿಸಿದ ಮೇಲೆ ವಾರ, ತಿಂಗಳುಗಳಲ್ಲಿ ಬಾವು ಇಳಿಯುವುದು ಹೆಚ್ಚಿನವರಲ್ಲಿ ಕಾಣುತ್ತದೆ. ಪಟ್ಟಿಯ ಎಳೆಗಳು ಕೊಯ್ಯದೆ ಉಳಿದಿವೆಯೇ, ನರದ ಸುತ್ತ ಗಾಯದ ಗಂಟು ಕಟ್ಟಿದೆಯೇ ಎಂಬುದನ್ನೂ ನೋಡಬಹುದು. ಆದರೆ ಪ್ರೋಬ್ ಕೊಂಚ ಓರೆಯಾದರೂ ಅಳತೆ ಹಿಗ್ಗುತ್ತದೆ. ಶಸ್ತ್ರಕ್ರಿಯೆಗೆ ಮುಂಚಿನ ಚಿತ್ರವಿಲ್ಲದೆ ಈಗಿನ ಒಂದೇ ಅಂಕಿಯಿಂದ ತೀರ್ಮಾನ ಮಾಡಲಾಗದು.

ಇನ್ನು ಆಕೆಯ ನೋವು. ಪಟ್ಟಿ ಕೊಯ್ದ ಮೇಲೆ ಅಂಗೈ ಬುಡದ ಎರಡೂ ಬದಿಗೆ ತಿಂಗಳುಗಟ್ಟಲೆ ನೋವಿರುವುದು, ಹಿಡಿತ ತಡವಾಗಿ ಮರಳುವುದು ವೈದ್ಯರಿಗೆ ಗೊತ್ತಿದ್ದ ಸಂಗತಿ. ಅದು ನರದ ಬಾವಿನ ನೋವಲ್ಲ, ಆದ್ದರಿಂದ ನರದ ಅಳತೆಯಲ್ಲಿ ಅದು ಸಿಗುವುದಿಲ್ಲ. ಉಲ್ಟಾ ಪ್ರಕರಣವೂ ಉಂಟು. ಜೋಮು ಪೂರ್ತಿ ಹೋಗಿ ಆರಾಮಾಗಿರುವವರ ನರ ಚಿತ್ರದಲ್ಲಿ ಇನ್ನೂ ದಪ್ಪಗೇ ಕಾಣುವುದು ಅಪರೂಪವಲ್ಲ. ಆ ಕಾಗದ ನೋಡಿ "ಆಪರೇಶನ್ ಫೇಲ್ ಆತು" ಎಂದು ಮನೆಯವರು ಕಂಗಾಲಾದರೆ, ಇಲ್ಲದ ರೋಗಕ್ಕೆ ಮತ್ತೊಮ್ಮೆ ಚಾಕು ಬೀಳಬಹುದು.

ಕೊಲ್ಹಾಪುರ ಜಿಲ್ಲೆಗೆ ಸೋನೋಗ್ರಾಫಿಯ ನೈತಿಕ ಪ್ರಶ್ನೆ ಹೊಸದಲ್ಲ. ಹೆಣ್ಣುಭ್ರೂಣ ಪತ್ತೆಮಾಡಿ ತೆಗೆಸುವುದನ್ನು ತಡೆಯಲು ಜಿಲ್ಲಾಧಿಕಾರಿ ಲಕ್ಷ್ಮೀಕಾಂತ ದೇಶಮುಖರು 2009–10ರ ಸುಮಾರಿಗೆ ಇಲ್ಲಿನ ಯಂತ್ರಗಳಿಗೆ 'ಸೈಲೆಂಟ್ ಅಬ್ಸರ್ವರ್' ಎಂಬ ಉಪಕರಣ ಅಳವಡಿಸಿದರು. ತಪಾಸಣೆಯ ದಾಖಲೆ ಉಳಿಯತೊಡಗಿತು. ಆಗ ಪ್ರಶ್ನೆ ಜೀವದ್ದು, ಈಗ ಒಂದು ಕೈಯದ್ದು. ಎರಡನ್ನೂ ಒಂದೇ ತೂಕಕ್ಕೆ ಹಾಕಲಾರೆ. ಆದರೂ ಯಂತ್ರ ತೋರಿಸಿದ್ದನ್ನು ಯಾರು, ಯಾವ ಉದ್ದೇಶಕ್ಕೆ ಬಳಸುತ್ತಾರೆ ಎಂದು ಕೇಳುವುದನ್ನು ಈ ಜಿಲ್ಲೆ ಆಗಲೇ ಕಲಿತಿದೆ.

ಮಾಲಕರ ಮೇಲೆ ಪೂರ್ತಿ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಕಂಡಿಕೆ ತುಂಬದಿದ್ದರೆ ಲಾಳಿ ನಿಲ್ಲುತ್ತದೆ, ಮಗ್ಗ ನಿಲ್ಲುತ್ತದೆ. ಆದರೆ ನರ ಬಿಡುಗಡೆಯಾಯಿತೇ ಎಂದು ಕೇಳಿ ತೆಗೆಸಿದ ಚಿತ್ರವನ್ನು, ಈಕೆ ದುಡಿಯಬಲ್ಲಳೇ ಎಂಬ ಪ್ರಶ್ನೆಗೆ ಸಾಕ್ಷಿ ಮಾಡಿ ನಿಲ್ಲಿಸಿದ್ದು ಅನ್ಯಾಯ. ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ ಆಕೆಯ ಹಿಡಿತ ಅಳೆಯಬೇಕು, ಹೆಬ್ಬೆರಳ ಬುಡದ ಮಾಂಸ ಸೊರಗಿದೆಯೇ ನೋಡಬೇಕು. ಎಲ್ಲಕ್ಕೂ ಮೊದಲು ಆಕೆಯನ್ನೇ ಕೂಡಿಸಿಕೊಂಡು ಕೇಳಬೇಕು.

ಹಾಗಾಗಿ ವೈದ್ಯರು ಅಳತೆಯ ಕೆಳಗೆ ಇನ್ನೆರಡು ಸಾಲು ಬರೆಯಬೇಕೆಂದು ನನ್ನ ಒತ್ತಾಯ: ಈ ಕೈ ಸದ್ಯ ಯಾವ ಕೆಲಸ ಮಾಡಬಲ್ಲದು, ಯಾವುದನ್ನು ಎಷ್ಟು ವಾರ ಮಾಡಬಾರದು. ಮಾಡಿದ ಕೆಲಸಕ್ಕಷ್ಟೇ ಕೂಲಿ ಎಂಬಲ್ಲಿ ಆ ವಾರಗಳ ಪಗಾರ ಯಾರು ಕೊಡಬೇಕು ಎಂಬ ಮಾತನ್ನು ಮಾಲಕರು ಆಕೆಯೆದುರು ಕೂತು, ಸೋಮವಾರಕ್ಕೆ ಮುಂಚೆಯೇ ಬಗೆಹರಿಸಬೇಕು.