ಯಾವುದು ಮೊದಲು?

ಜಿಗಣಿಯಲ್ಲಿ ನಾನು ಬಾಡಿಗೆಗಿರುವುದು ಒಂದು ಮನೆಯ ಮಹಡಿಯ ಕೋಣೆಯಲ್ಲಿ. ಓಣಿಯಾಚೆ ಗ್ರಾನೈಟ್ ಕೊಯ್ಯುವ ಶೆಡ್ಡು. ರಾತ್ರಿ ಪಾಳಿಯಲ್ಲೂ ಸದ್ದು ನಿಲ್ಲುವುದಿಲ್ಲ. ವಿಶ್ವವಿದ್ಯಾಲಯಕ್ಕೆ ದೂರವಾದರೂ ಫೆಲೋಶಿಪ್ ದುಡ್ಡಿಗೆ ದಕ್ಕುವ ಕೋಣೆ ಇದು. ನನ್ನ ಪಿಎಚ್‌ಡಿ ತತ್ವಶಾಸ್ತ್ರದಲ್ಲಿ, ನೈತಿಕ ಹೊಣೆಗಾರಿಕೆಯ ಬಗ್ಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಆ ಓದು ನೆರವಾದದ್ದಕ್ಕಿಂತ ಅಡ್ಡ ಬಂದದ್ದೇ ಹೆಚ್ಚು.

ಮನೆ ಓನರ್ ಮಗನಿಗೆ ಆಗ ಹತ್ತೊಂಬತ್ತು. ಡಿಪ್ಲೊಮಾ ಕೊನೆಯ ವರ್ಷ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ, ಕೆಲವು ಗುರುತುಗಳನ್ನು ಬದಲಿಸಿದ್ದೇನೆ.) ಒಂದು ರಾತ್ರಿ ನೀರಿನ ಟ್ಯಾಂಕಿನ ಹಿಂದೆ ಅವನು ಗಾಂಜಾ ಸೇದುತ್ತಿದ್ದುದು ಕಣ್ಣಿಗೆ ಬಿತ್ತು. "ಅಮ್ಮಂಗೆ ಹೇಳ್ಬೇಡಿ ಅಣ್ಣಾ," ಅಂದ. ನಾನು ಹೇಳಲಿಲ್ಲ. ವಯಸ್ಸಿಗೆ ಬಂದವನು, ಇನ್ನೊಬ್ಬರಿಗೆ ಕೇಡಾಗದ ತನಕ ಅವನ ಮೈಗೆ ಅವನೇ ಒಡೆಯ. ಸ್ವಾತಂತ್ರ್ಯದ ಬಗ್ಗೆ ಮಿಲ್ 1859ರಲ್ಲಿ ಪ್ರಕಟಿಸಿದ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ಸುಮ್ಮನಿದ್ದದ್ದಕ್ಕೆ ಒಳಗೊಳಗೇ ಹೆಮ್ಮೆಯನ್ನೂ ಪಟ್ಟುಕೊಂಡೆ. ಅದೇ ರಾತ್ರಿ ಅವನು ಇನ್ನೊಂದು ಮಾತು ಹೇಳಿದ್ದ: "ಎರಡು ತಿಂಗಳಿಂದ ನಿದ್ದೆನೇ ಇಲ್ಲ ಅಣ್ಣಾ. ಅದಕ್ಕೇ ಇದನ್ನ ಶುರು ಮಾಡಿದ್ದು. ಸೇದಿದ್ರೆ ಒಂಚೂರು ಬರುತ್ತೆ." ಅದು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ.

ಏಳೆಂಟು ತಿಂಗಳು ಕಳೆಯುವುದರೊಳಗೆ, ಕಲ್ಲು ಕೊಯ್ಯುವ ಮಿಷಿನ್ನು ತನ್ನ ಹೆಸರು ಹಿಡಿದು ಕೂಗುತ್ತದೆ ಎನ್ನತೊಡಗಿದ. ಎಪಿಸಿ ಸರ್ಕಲ್ಲಿನ ಕ್ಯಾಮೆರಾ ತನ್ನನ್ನೇ ನೋಡುತ್ತದೆಂದು ಬಸ್ಸು ಹತ್ತುವುದನ್ನು ಬಿಟ್ಟ. ಅಷ್ಟರಲ್ಲಿ ಅವನ ಬ್ಯಾಗಿನಲ್ಲಿ ಮನೆಯವರಿಗೆ ಪೊಟ್ಟಣ ಸಿಕ್ಕಿತ್ತು. ಆಸ್ಪತ್ರೆಗೆ ಹೊರಟಾಗ ಜೊತೆಗೆ ನಾನೂ ಹೋದೆ. ತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ, "ಇವನಿಗೆ ಬೇರೇನಿಲ್ಲ ಡಾಕ್ಟ್ರೇ, ಆ ಹಾಳು ಸೊಪ್ಪು ಸೇದಿ ಹಿಂಗಾಗವ್ನೆ," ಅಂದರು. ಮನೆತನದಲ್ಲಿ ಇನ್ಯಾರಿಗಾದರೂ ಹೀಗಾಗಿತ್ತೇ ಎಂದದ್ದಕ್ಕೆ, ಇಲ್ಲ ಅಂದರು. ಡಾಕ್ಟರು ಬರೆದುಕೊಂಡು ಮತ್ತೆ ಕೇಳಿದರು: "ನಿದ್ದೆ ಕೆಟ್ಟದ್ದು ಮೊದಲೋ, ಸೇದಿದ್ದು ಮೊದಲೋ?"

ಉತ್ತರ ಗೊತ್ತಿದ್ದದ್ದು ಆ ಕೋಣೆಯಲ್ಲಿ ಇಬ್ಬರಿಗೆ. ಅವನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಈ ಪ್ರಶ್ನೆ ಹಳೆಯದು. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಚರಸ್, ಭಂಗಿಗಳ ವಿಚಾರಣೆಗೆ ಏಳು ಜನರ ಆಯೋಗವೊಂದನ್ನು ನೇಮಿಸಿತು. ಹುಚ್ಚಾಸ್ಪತ್ರೆಗಳ ತುಂಬ ಗಾಂಜಾ ಸೇದಿ ಕೆಟ್ಟವರೇ ಇದ್ದಾರೆಂದು ಆಗ ಬಹಳ ಜನ ನಂಬಿದ್ದರು. 1892ರಲ್ಲಿ ದಾಖಲಾದವರ ಪೈಕಿ 222 ಜನರ ಮುಂದೆ ಕಾರಣವೆಂದು ಇದನ್ನೇ ಬರೆದಿತ್ತು. ಆಯೋಗ ಒಂದೊಂದನ್ನೇ ಕೆದಕಿದಾಗ ಅರ್ಧದಷ್ಟೂ ನಿಲ್ಲಲಿಲ್ಲ. ಎಷ್ಟೋ ಕಡೆ ಆ ಕಾಲಂ ತುಂಬಿದ್ದವರು ವೈದ್ಯರಲ್ಲ, ಪೊಲೀಸರು. ಬೀದಿಯಲ್ಲಿ ಸಿಕ್ಕ ಬೈರಾಗಿ, ಹಿಂದುಮುಂದು ಯಾರಿಗೂ ಗೊತ್ತಿಲ್ಲ, ಕಾಲಂ ಖಾಲಿ ಬಿಡುವ ಹಾಗಿಲ್ಲ. ಗಾಂಜಾ ಎಂದು ಬರೆದರಾಯಿತು.

ಇದನ್ನೇ ಹಿಡಿದುಕೊಂಡು ಗಾಂಜಾದಿಂದ ಏನೂ ಆಗುವುದಿಲ್ಲ ಎನ್ನುವ ಗೆಳೆಯರು ನನಗಿದ್ದಾರೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದವಲ್ಲವೇ ಎಂದೂ ಕೇಳುತ್ತಾರೆ. 1987ರ ಸ್ವೀಡನ್ ಅಧ್ಯಯನದ ಮಾತೆತ್ತಿದರೆ ಮಾತ್ರ ಅವರಿಗೆ ಹಿಡಿಸುವುದಿಲ್ಲ. ಕಡ್ಡಾಯ ಸೈನ್ಯ ಸೇವೆಗೆ ಕರೆಸಿದ್ದ 45,570 ಯುವಕರ 15 ವರ್ಷಗಳ ಲೆಕ್ಕ ಅದು. ಸೇರುವ ಹೊತ್ತಿಗಾಗಲೇ 50ಕ್ಕೂ ಹೆಚ್ಚು ಬಾರಿ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಸೇದದವರಿಗಿಂತ ಆರು ಪಟ್ಟು ಕಂಡಿತು. ಬೇರೆ ಅಂಶಗಳನ್ನು ಕಳೆದು ನೋಡಿದಾಗ ಆ ಅಂಕಿ ಇಳಿಯಿತು, ಇಲ್ಲವಾಗಲಿಲ್ಲ. ಎಳೆಯ ವಯಸ್ಸಿನಲ್ಲಿ ಶುರುಮಾಡಿದವರಿಗೆ, ಟಿಎಚ್‌ಸಿ ಹೆಚ್ಚಿರುವ ಮಾಲನ್ನು ದಿನಾ ಸೇದುವವರಿಗೆ ಅಪಾಯ ಹೆಚ್ಚೆಂದು ಆಮೇಲಿನ ಅಧ್ಯಯನಗಳೂ ಹೇಳಿವೆ. ಹಾಗಿದ್ದೂ ಸೇದುವವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ; ಎಂದೂ ಸೇದದವರಿಗೂ ಬರುತ್ತದೆ. ಸಾವಿರಾರು ಜನರ ಬಗ್ಗೆ ನಿಜವಾದ ಮಾತು ಒಬ್ಬ ಹುಡುಗನ ಬಗ್ಗೆ ಏನು ಹೇಳುತ್ತದೆ? ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯ ಇಲ್ಲೇ ಸಿಕ್ಕಿಹಾಕಿಕೊಂಡಿದೆ. ಡಾಕ್ಟರಿಗೆ ಅಷ್ಟು ಪುರುಸೊತ್ತಿರಲಿಲ್ಲ.

"ನಿದ್ದೆ ಕೆಟ್ಟದ್ದೇ ಮೊದಲು," ಅಂದೆ.

ತಾಯಿ ನನ್ನ ಕಡೆ ತಿರುಗಿ ನೋಡಿದರು. ದಾರಿಯುದ್ದಕ್ಕೂ ಮಾತಿಲ್ಲ, ಆಮೇಲೂ ಹತ್ತು ದಿನ ಮಾತಿಲ್ಲ. ಮಗನ ಮೇಲಿನ ದೂರನ್ನು ಹಗುರ ಮಾಡಿದೆನೆಂದು ತಿಳಿದಿದ್ದ ನನಗೆ ಇದು ಅರ್ಥವೇ ಆಗಲಿಲ್ಲ. ತಿಂಗಳ ಬಾಡಿಗೆ ಕೊಡಲು ಕೆಳಗಿಳಿದಾಗ ಅವರೇ ಬಾಯಿಬಿಟ್ಟರು: "ಸೊಪ್ಪಾದ್ರೆ ಬಿಡಿಸಬೋದು ಕಣಪ್ಪಾ. ಅದು ತಾನಾಗೇ ಬಂದಿದ್ದು ಅಂದ್ರೆ ನಾನೇನ್ ಮಾಡ್ಲಿ? ನಾಳೆ ಯಾರು ಹೆಣ್ಣು ಕೊಡ್ತಾರೆ?" ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, ತಮ್ಮನ ವಿಷಯ ಹೇಳಿದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಬ್ಬೊಬ್ಬನೇ ಮಾತಾಡಿಕೊಳ್ಳುತ್ತ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲವಂತೆ. ಬೀಡಿಯನ್ನೂ ಮುಟ್ಟಿದವನಲ್ಲ.

ತಪ್ಪು ಮಾಡಿದವನೆನಿಸಿಕೊಳ್ಳುವುದಕ್ಕಿಂತ ಕಾಯಿಲೆಯವನೆನಿಸಿಕೊಳ್ಳುವುದು ಹಗುರ ಎಂದು ಪುಸ್ತಕಗಳಲ್ಲಿ ಓದಿದ್ದೆ. ಕಾಯಿಲೆ ಎಂದ ಕೂಡಲೇ ದೂಷಣೆ ನಿಂತುಹೋಗುತ್ತದೆ ಎಂಬ ಲೆಕ್ಕ ಅದು. ಆ ತಾಯಿಗೆ ಲೆಕ್ಕ ತಿರುಗಾಮುರುಗಾ. ತಪ್ಪನ್ನು ತಿದ್ದಬಹುದು, ಬೈದು ಕ್ಷಮಿಸಬಹುದು, ನಾಲ್ಕು ಜನರ ಮುಂದೆ ಸಹವಾಸದೋಷ ಅನ್ನಬಹುದು. ಕಾಯಿಲೆಯ ಬೇರು ಅವರ ತವರಿನವರೆಗೆ ಹೋಗುತ್ತದೆ. ಗಾಂಜಾ ಎಂಬ ಕಾರಣ ಅವರನ್ನು ಪಾರುಮಾಡುತ್ತಿತ್ತು. ಹಾಗಾದರೆ ನನ್ನ ಉತ್ತರ ಪಾರುಮಾಡಿದ್ದು ಯಾರನ್ನು? ನಿದ್ದೆ ಮೊದಲು ಕೆಟ್ಟಿದ್ದರೆ, ಟ್ಯಾಂಕಿನ ಹಿಂದೆ ಕಂಡೂ ಸುಮ್ಮನಿದ್ದವನ ಪಾಲು ಅಷ್ಟು ಕಡಿಮೆಯಾಗುತ್ತದೆ. ನಾನು ಹೇಳಿದ್ದು ನಿಜವೇ. ಅದು ಬಾಯಿಂದ ಹೊರಟ ವೇಗದ ಬಗ್ಗೆ ಮಾತ್ರ ನನಗೆ ಈಗಲೂ ಅನುಮಾನ.

ಕಾನೂನಿಗೂ ಇಂಥದ್ದೇ ಎರಡು ಖಾನೆ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇದಿದವನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 64ಎ ಸೆಕ್ಷನ್, ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ ವಿನಾಯಿತಿ ಕೊಡುತ್ತದೆ. ಅಪರಾಧಿ ಅಥವಾ ವ್ಯಸನಿ. ನಿದ್ದೆ ಬಾರದ ಹುಡುಗ ಯಾವ ಖಾನೆಗೆ?

ಅವನ ಗುಟ್ಟನ್ನು ತಾಯಿಗೆ ಹೇಳಬೇಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಹೇಳಿದ್ದರೆ ಏಟು ಬೀಳುತ್ತಿತ್ತು, ಆಸ್ಪತ್ರೆಗೇನೂ ಹೋಗುತ್ತಿರಲಿಲ್ಲ. ಆದರೆ ಯಾಕೆ ನಿದ್ದೆ ಬರುತ್ತಿಲ್ಲ ಎಂದು ಅವನನ್ನೇ ಕೇಳಲು ಮಿಲ್ಲನ ಅಪ್ಪಣೆ ಬೇಕಿರಲಿಲ್ಲ. ಹೊಗೆಯೇ ಗುಟ್ಟು ಎಂದುಕೊಂಡು ಅದನ್ನು ಜೋಪಾನ ಮಾಡಿದೆ. ನಿಜವಾದ ಗುಟ್ಟನ್ನು ಅವನು ಎದುರಿಗೇ ಹೇಳಿದ್ದ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಾಯಿ ತಮ್ಮನ ವಿಷಯ ಡಾಕ್ಟರಿಗೆ ಹೇಳಿದರಂತೆ. ಮಾತ್ರೆ ನಡೆಯುತ್ತಿದೆ. ಕಾರಣ ಯಾವುದೇ ಇರಲಿ, ಇನ್ನು ಸೇದಿದರೆ ಮತ್ತೆ ಮರುಕಳಿಸುವ ಸಂಭವ ಹೆಚ್ಚು ಎಂದು ಡಾಕ್ಟರು ಅವನಿಗೇ ನೇರವಾಗಿ ಹೇಳಿದ್ದಾರೆ. ಮೊನ್ನೆ ಸಂಜೆ ಮೇಲೆ ಬಂದು ಟ್ಯಾಂಕಿಗೆ ಒರಗಿ ಕೂತ. "ಅಣ್ಣಾ, ನಾನು ಸೇದದೇ ಇದ್ದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ ಅಲ್ವಾ?"

ಶೆಡ್ಡಿನಲ್ಲಿ ಕಲ್ಲು ಕೊಯ್ಯುತ್ತಿದ್ದರು. ಗೊತ್ತಿಲ್ಲ ಅಂದೆ. ಆಮೇಲೆ, "ಈಗ ನಿದ್ದೆ ಬರುತ್ತೇನೋ?" ಎಂದು ಕೇಳಿದೆ.

"ಹತ್ತು ಗಂಟೆಗೆಲ್ಲ ಬರುತ್ತೆ," ಅಂದ. "ಬೆಳಗ್ಗೆ ಏಳೋದೇ ಕಷ್ಟ."